ಇಳಕಲ್ ಸೀರೆಯೂ ರಕ್ಷಣೆಯ ಶುಲ್ಕವೂ

ರಕ್ಷಣೆ ಎಂಬ ಪದ ಕಿವಿಗೆ ಬಿದ್ದರೆ ಈಗಲೂ ನನ್ನ ಹುಬ್ಬು ಗಂಟಾಗುತ್ತದೆ. ಇತಿಹಾಸ ಕಲಿಸಿದ ಹೆಂಗಸಿಗೆ ಇದು ಶೋಭಿಸುವ ಮಾತಲ್ಲ, ಗೊತ್ತು. ಕೋಟೆ, ಕಂದಕ, ಕಾವಲು ಎಂದು ಬಾಗಲಕೋಟೆಯ ನವನಗರದ ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ಅದನ್ನೇ ಹೇಳಿ ಸಂಬಳ ಎಣಿಸಿದವಳು ನಾನು. ಮಕ್ಕಳನ್ನು ಬಾದಾಮಿಗೆ ಕರೆದೊಯ್ದಾಗಲೆಲ್ಲ ಗುಡ್ಡದ ಮೇಲಿನ ಕೋಟೆ ತೋರಿಸಿ, ರಕ್ಷಣೆ ಅಂದರೆ ಇದು ಎಂದು ಏದುಸಿರಿನ ನಡುವೆ ಭಾಷಣ ಮಾಡುತ್ತಿದ್ದೆ. ನಮ್ಮ ಬುತ್ತಿಯ ಚೀಲವನ್ನು ಮಂಗಗಳು ಎತ್ತಿಕೊಂಡು ಹೋದದ್ದೂ ಅದೇ ಕೋಟೆಯ ಬಾಗಿಲಲ್ಲಿ. ಆದರೆ ಮಂಗಗಳು ಅದಕ್ಕೆ ಶುಲ್ಕ ಕೇಳಲಿಲ್ಲ. ಶುಲ್ಕ ಪಡೆದು ಬುತ್ತಿ ಒಯ್ಯುವವರನ್ನು ಕಾಣಲು ನಾನು ಇಂಟರ್ನೆಟ್ಟಿನ ಕಾಲದವರೆಗೆ ಕಾಯಬೇಕಾಯಿತು.

ಎರಡು ಸಾವಿರದ ಆರೋ ಏಳೋ ಇರಬೇಕು. ನಮ್ಮ ಮನೆಯ ಹಿಂದಿನ ರಸ್ತೆಯಲ್ಲಿ ಒಂದು ಸೈಬರ್ ಕೆಫೆ ಇತ್ತು. ಪ್ಲೈವುಡ್ಡಿನ ಗೂಡು, ಗೂಡಿಗೊಂದು ಪರದೆ, ಪರದೆಯ ಹಿಂದೆ ಒಂದು ಕಂಪ್ಯೂಟರು. ಫಲಿತಾಂಶದ ದಿನ ಮಾತ್ರ ಅಲ್ಲಿಗೆ ಹೋಗುತ್ತಿದ್ದ ನನಗೆ ಸಹೋದ್ಯೋಗಿಯೊಬ್ಬರು ಒಂದು ಜಾಲತಾಣದ ಸುದ್ದಿ ಹೇಳಿದರು. ಅಲ್ಲಿ ಅಂಗಡಿಯಿಲ್ಲದವರೂ ಮಾರಬಹುದಂತೆ. ಮನೆಯಲ್ಲಿದ್ದ ಹಳೆಯ ಕ್ಯಾಮೆರಾ, ನಾಣ್ಯ, ಸೀರೆ, ಏನಾದರೂ. ಕೊಳ್ಳುವವರು ದೇಶದ ಯಾವ ಮೂಲೆಯಲ್ಲಾದರೂ ಇರಬಹುದಂತೆ. ಕೇಳಿದ ಕೂಡಲೇ ನನಗೆ ನೆನಪಾದದ್ದು ನೀಲವ್ವ.

ನೀಲವ್ವ ನನ್ನ ಸಾಲಿಯ ಗೆಳತಿ. ಅಣೆಕಟ್ಟಿನ ನೀರಿಗೆ ಊರು ಮುಳುಗಡೆಯಾಗುವ ಮೊದಲು ಹಳೆ ಬಾಗಲಕೋಟೆಯಲ್ಲಿ ಒಂದೇ ಬೆಂಚು ನಮ್ಮದು. ಮದುವೆಯಾಗಿ ಇಳಕಲ್ಲಿಗೆ ಹೋದಳು, ಮಗ್ಗದ ಮನೆಗೆ. ಗಂಡ ತೀರಿಹೋದ ಮೇಲೆ ಅವನ ಮಗ್ಗಕ್ಕೆ ತಾನೇ ಇಳಿದು ಕೂತಳು. ಸುತ್ತಮುತ್ತ ಪವರ್ ಲೂಮಿನ ಗದ್ದಲವಿದ್ದರೂ ಆಕೆ ಕೈಮಗ್ಗ ಬಿಟ್ಟಿರಲಿಲ್ಲ. ವಾರವಿಡೀ ನೇಯ್ದ ಸೀರೆಯನ್ನು ಅಂಗಡಿಯವರು ತಿರುವಿ ಮುರುವಿ ನೋಡಿ, ಉಪಕಾರ ಮಾಡುವವರ ಮುಖದಲ್ಲಿ ಒಂದು ಬೆಲೆ ಹೇಳುತ್ತಿದ್ದರು. ಅದೇ ಸೀರೆ ಹುಬ್ಬಳ್ಳಿಯ ಗಾಜಿನ ಕಪಾಟಿನಲ್ಲಿ ಎರಡು ಪಟ್ಟಾಗಿ ನಿಂತದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ನಡುವಿನವರನ್ನು ತೆಗೆದುಬಿಡೋಣ ಎಂದು ನೀಲವ್ವನಿಗೆ ಫೋನಿನಲ್ಲಿ ಘೋಷಿಸಿದೆ. ಆಕೆ ಕೇಳಿದ್ದು ಒಂದೇ ಪ್ರಶ್ನೆ: ನಡುವಿನವರು ಇಲ್ಲದಿದ್ದರೆ ಸೀರೆ ಯಾರ ಕೈಗೆ ಕೊಡಬೇಕು? ನಾನು ನಕ್ಕೆ. ಹೊಸ ಕಾಲ ಆಕೆಗೆ ತಿಳಿಯದು ಎಂದುಕೊಂಡೆ.

ಸೀರೆ ಬಂತು. ದಾಳಿಂಬೆ ಬಣ್ಣದ ಮೈ, ಕೆಂಪು ಸೆರಗಿನಲ್ಲಿ ಬಿಳಿಯ ಗೋಪುರಗಳು. ಮಂಚದ ಮೇಲೆ ಹಾಸಿ ಫೋಟೋ ತೆಗೆಸಿ, ಸೈಬರ್ ಕೆಫೆಯಲ್ಲಿ ಕೂತು ಅದಕ್ಕೊಂದು ವಿವರಣೆ ಬರೆಯತೊಡಗಿದೆ. ಇಲ್ಲಿ ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಇತಿಹಾಸ ಓದಿದವರ ಕೈಗೆ ಖಾಲಿ ಚೌಕ ಕೊಡಬಾರದು. ನಾನು ಶುರು ಮಾಡಿದ್ದು ಚಾಲುಕ್ಯರಿಂದ. ಬಾದಾಮಿಯ ಗುಹೆಗಳ ಶಿಲ್ಪದಲ್ಲಿ ಕಾಣುವ ಉಡುಗೆಯ ಮಡಿಕೆಗಳನ್ನು ವರ್ಣಿಸಿ, ಅಲ್ಲಿಂದ ಐಹೊಳೆಗೆ ಬಂದು, ಅಯ್ಯಾವೊಳೆಯ ಐನೂರ್ವರೆಂಬ ವರ್ತಕರು ಸಮುದ್ರ ದಾಟಿ ವ್ಯಾಪಾರ ಮಾಡಿದ್ದನ್ನು ಹೇಳಿ, ಇನ್ನೇನು ಸೀರೆಯ ಹತ್ತಿರ ಬರಬೇಕು ಎನ್ನುವಷ್ಟರಲ್ಲಿ ಅಕ್ಷರಗಳ ಮಿತಿ ಮುಗಿಯಿತು ಎಂದು ಕಂಪ್ಯೂಟರು ಹೇಳಿತು. ಉದ್ದ, ಬಣ್ಣ, ಕೈಮಗ್ಗ ಎಂಬ ಮೂರು ಮಾತುಗಳನ್ನು ಹೇಗೋ ತುರುಕಿ ಮುಗಿಸಿದೆ.

ಆಮೇಲೆ ಶುರುವಾಯಿತು ಶುಲ್ಕ. ಪಟ್ಟಿಯಲ್ಲಿ ಸೇರಿಸಲು ಒಂದು. ಮಾರಾಟವಾದರೆ ಬೆಲೆಯಲ್ಲಿ ಒಂದು ಪಾಲು. ಕೊಳ್ಳುವವರು ಕಾರ್ಡಿನಿಂದ ಹಣ ಕಟ್ಟಿದರೆ ಆ ಪಾವತಿಗೆ ಇನ್ನೊಂದು. ಕೊನೆಯಲ್ಲಿ, ಗುಲಾಬಿ ಬಣ್ಣದ ಕೊಡೆಯ ಚಿತ್ರದ ಕೆಳಗೆ, ಖರೀದಿದಾರರ ರಕ್ಷಣೆ. ಅದರ ಶುಲ್ಕವೂ ಮಾರುವವರದೇ. ಸೀರೆ ತಲುಪುವವರೆಗೆ ಹಣ ಕಂಪನಿಯ ಬಳಿ ಇರುತ್ತದೆ, ತಲುಪಿದ್ದು ಸರಿಯಿದೆ ಎಂದು ಅವರು ಹೇಳಿದ ಮೇಲೆ ನಮಗೆ ಚೆಕ್ಕು ಬರುತ್ತದೆ. ಬೇಡವೆಂದರೆ ಬಿಡಬಹುದಿತ್ತು. ಆದರೆ ಗುರುತಿಲ್ಲದವರ ಜೊತೆ ವ್ಯವಹಾರ, ಹಣ ನಡುವೆ ಒಂದು ಕಡೆ ಭದ್ರವಾಗಿದ್ದರೆ ನಮಗೂ ಒಳ್ಳೆಯದೇ ಎಂದು ನಾನೇ ಆ ಕೊಡೆಯ ಮೇಲೆ ಒತ್ತಿದೆ. ಕೊಡೆ ಹಿಡಿಯುವವನ ಸಂಬಳ ನಮ್ಮದು, ನೆರಳು ಮಾತ್ರ ಅವರದು ಎಂಬುದು ಆಗ ಹೊಳೆಯಲಿಲ್ಲ.

ಹತ್ತು ದಿನದಲ್ಲಿ ಸೀರೆ ಭೋಪಾಲದ ವಸುಧಾ ಎಂಬವರಿಗೆ ಮಾರಾಟವಾಯಿತು. ಇಳಕಲ್ಲಿಗೆ ಫೋನು ಮಾಡಿ ಹೇಳಿದಾಗ ನೀಲವ್ವ ಊರಿನ ಹೆಸರನ್ನು ಎರಡು ಸಲ ಹೇಳಿಸಿಕೊಂಡಳು. ಆಮೇಲೆ ಭೋಪಾಲ ಎಲ್ಲಿ ಬರುತ್ತದೆ ಎಂದು ಕೇಳಿದಳು. ನಾನು ನಕಾಶೆಯೇ ಎದುರಿಗಿರುವಂತೆ ವಿವರಿಸಿದೆ. ಕೊರಿಯರ್ ಮಾಡಿ ಬಂದ ದಿನ ನಾನೂ ಯಜಮಾನರೂ ಗೋಧಿ ಹುಗ್ಗಿ ಮಾಡಿಕೊಂಡು ತಿಂದೆವು.

ಹುಗ್ಗಿ ಅರಗುವ ಮೊದಲೇ ದೂರು ಬಂತು. ಸೀರೆ ಹರಿದಿದೆಯಂತೆ. ಹರಿದದ್ದನ್ನು ಮುಚ್ಚಲು ಬೇರೆ ಸೀರೆಯ ಸೆರಗನ್ನು ತಂದು ಜೋಡಿಸಿದ್ದಾರಂತೆ. ಸಾಕ್ಷಿಗೆ ಫೋಟೋ: ಮೈಯೂ ಸೆರಗೂ ಕೂಡುವ ಗೆರೆ, ಅದರ ಉದ್ದಕ್ಕೂ ಸಾಲುಸಾಲು ಸಣ್ಣ ಕುಣಿಕೆಗಳು.

ಓದುಗರೇ, ಆ ಗೆರೆಯೇ ಇಳಕಲ್ ಸೀರೆ. ಮೈಯ ಎಳೆ ಬೇರೆ, ಸೆರಗಿನ ಎಳೆ ಬೇರೆ. ಮಗ್ಗದ ಮೇಲೆ ಒಂದೊಂದು ಎಳೆಯ ಕುಣಿಕೆಗೆ ಇನ್ನೊಂದರ ಕುಣಿಕೆ ಸಿಕ್ಕಿಸಿ ಕೊಂಡಿ ಹಾಕುತ್ತಾರೆ. ಸಾವಿರಾರು ಕೊಂಡಿ. ಕಣ್ಣು ಹೋಗುವ ಕೆಲಸ. ಕೊಂಡಿ ಇಲ್ಲದಿದ್ದರೆ ನಮ್ಮ ಕಡೆಯ ಮುದುಕಿಯರು ಆ ಸೀರೆಯನ್ನು ಮುಟ್ಟುವುದೇ ಇಲ್ಲ. ಯಾವುದನ್ನು ನೋಡಿ ನಾವು ಅಸಲಿ ಎನ್ನುತ್ತೇವೋ ಅದನ್ನೇ ತೋರಿಸಿ ಭೋಪಾಲದವರು ತೇಪೆ ಎಂದಿದ್ದರು.

ಕಂಪನಿಗೆ ಫೋನು ಮಾಡಿದೆ. ಬಹಳ ಹೊತ್ತು ಸಂಗೀತ ಕೇಳಿಸಿ, ಕೊನೆಗೆ ಒಬ್ಬ ತರುಣಿ ಬಂದಳು. ಕೊಂಡಿಯ ತಂತ್ರವನ್ನು ಹಿಂದಿ ಇಂಗ್ಲಿಷ್ ಎರಡರಲ್ಲೂ ಪಾಠ ಮಾಡಿದೆ. ಆಕೆ ತಾಳ್ಮೆಯಿಂದ ಕೇಳಿ, ನಿಮ್ಮ ವಿವರಣೆಯಲ್ಲಿ ಜೋಡಣೆಯ ಮಾತೇ ಇಲ್ಲವಲ್ಲ ಎಂದಳು. ನಾನೇ ಬರೆದದ್ದನ್ನು ನನಗೇ ಓದಿ ಹೇಳಿದಳು. ಚಾಲುಕ್ಯರು ಬಂದರು, ಐನೂರ್ವರು ಬಂದರು, ಹಡಗುಗಳೂ ಬಂದವು. ಕೊಂಡಿ ಬರಲಿಲ್ಲ. ಹುಟ್ಟಿದಾಗಿನಿಂದ ಕಂಡ ಸೀರೆ. ಅದು ಗೊತ್ತಿಲ್ಲದವರೂ ಲೋಕದಲ್ಲಿದ್ದಾರೆಂದು ನನಗೆ ಹೊಳೆದಿರಲೇ ಇಲ್ಲ. ವಿವರಣೆಯಂತೆ ವಸ್ತು ಇಲ್ಲ ಎಂಬುದು ತೀರ್ಮಾನವಾಗಿ ಹೋಗಿತ್ತು. ಹಣ ಆಗಲೇ ಕೊಂಡವರ ಕಾರ್ಡಿಗೆ ಮರಳಿತ್ತು. ಹಾಗಾದರೆ ಸೀರೆ? ಅದನ್ನು ತರಿಸಿಕೊಳ್ಳುವುದು ನಿಮ್ಮಿಬ್ಬರ ಖಾಸಗಿ ವಿಷಯ, ಅದರಲ್ಲಿ ಕಂಪನಿ ಬರುವುದಿಲ್ಲ. ಸರಿ, ಶುಲ್ಕಗಳು? ಸೇವೆ ಕೊಟ್ಟಾಗಿದೆ, ಶುಲ್ಕ ಕಟ್ಟಬೇಕು.

ಯಾವ ಸೇವೆ ಎಂದು ಕೇಳಿದೆ. ರಕ್ಷಣೆಯ ಸೇವೆ ಎಂದಳು.

ಕಳವಾದ ಮಾಲನ್ನು ರಾಜ ಹುಡುಕಿಸಿಕೊಡಬೇಕು, ಆಗದಿದ್ದರೆ ತನ್ನ ಬೊಕ್ಕಸದಿಂದ ತುಂಬಿಕೊಡಬೇಕು ಎಂದು ನಮ್ಮ ಹಳೆಯ ಧರ್ಮಶಾಸ್ತ್ರಗಳು ಹೇಳುತ್ತವೆ. ಎಷ್ಟು ರಾಜರು ತುಂಬಿಕೊಟ್ಟರೋ, ಅದು ಬೇರೆ ಮಾತು. ಆದರೆ ಮಾಲು ಕಳೆದುಕೊಂಡವನಿಂದಲೇ ಕಾವಲಿನ ಸುಂಕ ಎತ್ತಿದ ರಾಜನನ್ನು ನಾನು ಯಾವ ಶಾಸನದಲ್ಲೂ ಕಂಡಿಲ್ಲ. ಇದನ್ನೂ ಆ ತರುಣಿಗೆ ಹೇಳಿದೆ. ಮತ್ತೇನಾದರೂ ಸಹಾಯ ಬೇಕೇ ಎಂದು ಕೇಳಿ ಆಕೆ ಫೋನಿಟ್ಟಳು.

ನೀಲವ್ವನಿಗೆ ಹೇಳುವುದು ಹೇಗೆ? ಸೀರೆಯ ಹಣ ನಾನೇ ಕೊಟ್ಟು, ಬಂತು ಎಂದು ಸುಳ್ಳು ಹೇಳೋಣ ಎಂದುಕೊಂಡೆ. ಆದರೆ ಫೋನಿನಲ್ಲಿ ನನ್ನ ಧ್ವನಿ ಕೇಳಿಯೇ ಆಕೆಗೆ ಅನುಮಾನ ಬಂತು. ಎಲ್ಲ ಹೇಳಿಸಿಕೊಂಡು, ಆ ಫೋಟೋ ನಾನು ನೋಡಬೇಕು ಎಂದಳು. ಮರುದಿನ ಹುನಗುಂದದ ಮೇಲೆ ಹಾದು ಬರುವ ಬಸ್ಸು ಹಿಡಿದು ಬಂದೇ ಬಿಟ್ಟಳು.

ಸೈಬರ್ ಕೆಫೆಯ ಗೂಡಿನಲ್ಲಿ ಒಂದೇ ಕುರ್ಚಿ. ಆಕೆಯನ್ನು ಕೂಡಿಸಿ ನಾನು ಹಿಂದೆ ನಿಂತೆ. ಕಂಪ್ಯೂಟರಿನ ಗಾಜಿನ ಮೇಲೆ ಆಕೆಯ ಕೊಂಡಿಗಳು ಬೆರಳಿನಷ್ಟು ದೊಡ್ಡದಾಗಿ ಕಂಡವು. ನಾನು ಸಿಟ್ಟಿನಿಂದ ಏನೇನೋ ಅನ್ನುತ್ತಿದ್ದೆ; ಆಕೆ ಕೇಳಿಸಿಕೊಳ್ಳಲಿಲ್ಲ. ಗಾಜಿನ ಮೇಲೆ ಬೆರಳಿಟ್ಟು ಈ ತುದಿಯಿಂದ ಆ ತುದಿಯವರೆಗೆ ಎಳೆ ಎಳೆಯಾಗಿ ನೋಡಿದಳು.

"ನಂದ ಐತಿ. ಒಂದೂ ಬಿಟ್ಟಿಲ್ಲ ನೋಡು" ಎಂದಳು. ತನ್ನ ಕೆಲಸವನ್ನು ಅಷ್ಟು ದೊಡ್ಡದಾಗಿ ಆಕೆ ಎಂದೂ ಕಂಡಿರಲಿಲ್ಲ. ನಾನು ದಾವೆಯ ಮಾತಾಡುತ್ತಿದ್ದಾಗ ಆಕೆಯ ಮುಖದಲ್ಲಿದ್ದದ್ದು, ಹೇಳಲು ಸಂಕೋಚವಾಗುತ್ತದೆ, ಸಂತೋಷ.

ಆಮೇಲೆ ನನ್ನ ಕಡೆ ತಿರುಗಿದಳು. "ಆಕಿ ಕಳ್ಳಿ ಅಲ್ಲ. ಆಕಿಗೆ ಗೊತ್ತಿಲ್ಲ. ನೀನರೆ ಹೇಳಿದೇನು?"

ಹೇಳಿರಲಿಲ್ಲ. ಕಂಪನಿಗೆ ನಾಲ್ಕು ಸಲ ಫೋನು ಮಾಡಿದವಳು ಕೊಂಡವಳಿಗೆ ಒಂದು ಸಲವೂ ಮಾಡಿರಲಿಲ್ಲ. ಕೊರಿಯರಿನ ಚೀಟಿಯ ಮೇಲೆ ನಂಬರು ಇತ್ತು. ಕೆಫೆಯ ಹೊರಗೆ ಬೇವಿನ ಮರದ ಕೆಳಗೆ ನಿಂತು ನನ್ನ ಮೊಬೈಲಿನಿಂದ ಫೋನು ಹಚ್ಚಿದೆ. ವಸುಧಾ ತುಸು ಹೆದರಿದ ಧ್ವನಿಯಲ್ಲೇ ಮಾತಾಡಿದರು. ಕಾಲೇಜೊಂದರ ಪ್ರಯೋಗಾಲಯದಲ್ಲಿ ಸಹಾಯಕಿಯಂತೆ, ಮೊದಲ ಸಲ ಹೀಗೆ ಕೊಂಡದ್ದಂತೆ, ಮೋಸ ಹೋದೆ ಎಂದು ಮನೆಯಲ್ಲಿ ಬೈಸಿಕೊಂಡರಂತೆ. ನಾನು ಮತ್ತೆ ಚಾಲುಕ್ಯರ ಕಡೆ ಹೊರಟದ್ದನ್ನು ಕಂಡು ನೀಲವ್ವ ಫೋನು ಕಸಿದುಕೊಂಡಳು. ಇಳಕಲ್ಲಿನ ಪೇಟೆಯಲ್ಲಿ ಕಲಿತ ಹಿಂದಿ ಆಕೆಯದು, ಅರ್ಧ ಉರ್ದು, ಕಾಲು ಮರಾಠಿ. ಸೀರೆ ಕೈಯಲ್ಲಿ ತಗೊಳ್ಳಿ ಎಂದಳು. ಒಂದು ಕೈಯಲ್ಲಿ ಮೈ, ಒಂದು ಕೈಯಲ್ಲಿ ಸೆರಗು ಹಿಡಿದು ಜಗ್ಗಿ ಎಂದಳು. ಆ ಕಡೆ ಅನುಮಾನ. ಇನ್ನೂ ಜೋರಾಗಿ, ನಿಮ್ಮ ಯಜಮಾನರನ್ನೂ ಕರೆದು ಜಗ್ಗಿಸಿ, ಹರಿದರೆ ಇನ್ನೊಂದು ಸೀರೆ ಪುಕ್ಕಟೆ ಎಂದಳು.

ಭೋಪಾಲದಲ್ಲಿ ಗಂಡ ಹೆಂಡತಿ ಸೀರೆ ಜಗ್ಗುತ್ತಿರುವಷ್ಟು ಹೊತ್ತು ನಾವಿಬ್ಬರೂ ಬೇವಿನ ಮರದ ಕೆಳಗೆ ಕಾಯುತ್ತ ನಿಂತಿದ್ದೆವು. ನಾನು ಪುಕ್ಕಟೆ ಸೀರೆಯ ಬೆಲೆ ಲೆಕ್ಕ ಹಾಕುತ್ತಿದ್ದೆ. ನೀಲವ್ವ ರಸ್ತೆಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬಳ ಖಣದ ಕುಪ್ಪಸ ನೋಡಿ, ಗುಳೇದಗುಡ್ಡದ ಮಗ್ಗದ್ದೇ ಎಂದು ತಲೆಯಾಡಿಸಿದಳು.

ಹರಿಯಲಿಲ್ಲ. ವಸುಧಾ ನಕ್ಕದ್ದು ನನಗೂ ಕೇಳಿಸಿತು. ಸೀರೆ ಇಟ್ಟುಕೊಳ್ಳುತ್ತೇನೆ, ದೂರು ಹಿಂದೆಗೆದುಕೊಳ್ಳುತ್ತೇನೆ ಎಂದರು. ಮರುದಿನ ಅವರೇ ಫೋನು ಮಾಡಿ ತಿಳಿಸಿದರು: ಮುಗಿದ ದೂರನ್ನು ಹಿಂದೆಗೆದುಕೊಳ್ಳಲು ಬರುವುದಿಲ್ಲವಂತೆ. ರಕ್ಷಣೆ ಪೂರ್ಣಗೊಂಡಿದೆಯಂತೆ. ಅಂದರೆ ಸೀರೆಯೂ ಅವರ ಬಳಿ, ಹಣವೂ ಅವರ ಬಳಿ, ಶುಲ್ಕದ ಬಿಲ್ಲು ನನ್ನ ಬಳಿ. ಡಿ.ಡಿ. ಮಾಡಿಸಿ ಕಳಿಸುತ್ತೇನೆ, ನನ್ನ ತಾಯಿಗೂ ಇಂಥದೇ ಒಂದು ಬೇಕು, ಎರಡರ ಹಣವೂ ಕಳಿಸುತ್ತೇನೆ ಎಂದರು. ಕಂಪನಿಯ ಬಿಲ್ಲನ್ನು ನಾನು ಹಲ್ಲು ಕಚ್ಚಿ ಕಟ್ಟಿದೆ. ಆ ಹಣ ಕಳಿಸಲು ಮಾಡಿಸಿದ ಡಿ.ಡಿ.ಗೆ ಬ್ಯಾಂಕಿನವರೂ ಕಮಿಷನ್ ತೆಗೆದುಕೊಂಡರು. ಶುಲ್ಕ ಕಟ್ಟುವುದಕ್ಕೂ ಶುಲ್ಕ.

ಒಂದು ವಾರವಾಯಿತು, ಎರಡಾಯಿತು, ಭೋಪಾಲದಿಂದ ಏನೂ ಬರಲಿಲ್ಲ. ನಾನು ದಿನಕ್ಕೆರಡು ಸಲ ಪೋಸ್ಟಿನವರ ಮುಖ ನೋಡಿದೆ. ಜನರೇ ಹೀಗೆ ಎಂದು ಯಜಮಾನರ ಮುಂದೆ ಹಾರಾಡಿದೆ. ಈಗ ನಿನಗೆ ಯಾರ ಮೇಲೆ ಸಿಟ್ಟು ಎಂದು ಅವರು ಪತ್ರಿಕೆಯ ಹಿಂದಿನಿಂದ ಕೇಳಿದರು. ತಡೆಯಲಾರದೆ ಒಂದು ಭಾನುವಾರ ಇಳಕಲ್ಲಿಗೆ ಹೋದೆ. ಇನ್ನು ಸೀರೆ ಕಳಿಸಬೇಡ ಎಂದು ಹೇಳಬೇಕಿತ್ತು. ಹೋದರೆ ಮಗ್ಗದ ಮೇಲೆ ಬೇರೊಂದು ಸೀರೆಯ ಹಾಸು ಏರಿತ್ತು. ಎರಡನೆಯ ಸೀರೆ ಮುಗಿದು ನಾಲ್ಕು ದಿನದ ಹಿಂದೆಯೇ ಕೊರಿಯರಿಗೆ ಹೋಗಿತ್ತು.

"ರೊಕ್ಕ ಬರೋಕಿಂತ ಮೊದಲ ಕಳಿಸಿದ್ಯಾ? ಅದೂ ಎರಡನೇದು?" ಎಂದೆ. ನನ್ನ ಧ್ವನಿ ಏರಿತ್ತು.

ನೀಲವ್ವ ಲಾಳಿ ನಿಲ್ಲಿಸಲಿಲ್ಲ. "ಮತ್ತೇನವಾ, ಯಾರರೆ ಒಬ್ಬರು ಮೊದಲ ಕಳಿಸಬೇಕಲ್ಲ."

ಮಂಗಳವಾರ ಡಿ.ಡಿ. ಬಂತು. ಎರಡು ಸೀರೆಯದು, ಜೊತೆಗೆ ಕೊರಿಯರಿನದೂ. ಅದರ ಮೇಲಿನ ತಾರೀಖು ನೋಡಿದೆ. ನೀಲವ್ವ ಕೊರಿಯರಿಗೆ ಕೊಟ್ಟ ದಿನವೇ ವಸುಧಾ ಭೋಪಾಲದ ಬ್ಯಾಂಕಿನಲ್ಲಿ ಅದನ್ನು ಮಾಡಿಸಿದ್ದರು. ಸಂಬಳವಾಗುವವರೆಗೆ ತಡವಾಯಿತು, ಕ್ಷಮಿಸಿ ಎಂದು ಒಂದು ಚೀಟಿಯೂ ಇತ್ತು. ಇಬ್ಬರೂ ಮೊದಲು ಕಳಿಸಿದ್ದರು. ಸೀರೆಯೂ ಹಣವೂ ಸೊಲ್ಲಾಪುರದ ಹತ್ತಿರವೋ ಎಲ್ಲೋ ಒಂದಕ್ಕೊಂದು ಗುರುತಿಲ್ಲದೆ ಹಾದುಹೋಗಿರಬೇಕು.

ಆ ಕಂಪನಿಯ ಮೇಲೆ ನನ್ನ ಸಿಟ್ಟು ಆರಿಲ್ಲ, ಆರಬಾರದು ಕೂಡ. ಆದರೆ ಅವರು ಮಾರುತ್ತಿದ್ದದ್ದು ಏನು ಎಂಬುದು ಈಗ ಸ್ವಲ್ಪ ಅರ್ಥವಾಗಿದೆ. ಯಾರಾದರೊಬ್ಬರು ಮೊದಲು ಕಳಿಸಲೇಬೇಕು. ಆ ಒಬ್ಬರು ನಾನಾಗದಿರಲಿ ಎಂಬುದು ನಮ್ಮೆಲ್ಲರ ಆಸೆ. ಅವರು ದರ ಕಟ್ಟಿದ್ದು ಆ ಆಸೆಗೆ. ನೀಲವ್ವನಿಗೆ ಆ ಆಸೆ ಇರಲೇ ಇಲ್ಲವಾದ್ದರಿಂದ ಆಕೆಯ ಸೀರೆಯ ಮೇಲೆ ಅವರು ಹಾಕಿದ ಶುಲ್ಕ ಶುದ್ಧ ಅನ್ಯಾಯ. ಕೊಡೆಯ ಮೇಲೆ ಒತ್ತಿದ ನನ್ನಿಂದ ತೆಗೆದುಕೊಂಡದ್ದು, ಒಪ್ಪಿಕೊಳ್ಳಲು ಮನಸ್ಸಿಲ್ಲ, ಪೂರಾ ಅನ್ಯಾಯವೇನಲ್ಲ.