ಸೇವಂತಿಯ ಖಾಲಿ ಬಟ್ಟೆ

ಮಾನ್ಯ ಓದುಗರಿಗೆ ಗೌರವಪೂರ್ವಕ ವಂದನೆಗಳು. ಕುಂಚ ಹಿಡಿದು ರೂಢಿಯಾದ ಕೈ ನನ್ನದು. ಬರೆದು ಕಳುಹಿಸುತ್ತಿರುವುದು ಇದೇ ಪ್ರಥಮ. ಆದಕಾರಣ ಕಾಗುಣಿತದ ತಪ್ಪುಗಳನ್ನೂ ಸೊಟ್ಟ ಅಕ್ಷರಗಳನ್ನೂ ಮನ್ನಿಸಬೇಕೆಂದು ಮೊದಲಿಗೇ ಪ್ರಾರ್ಥಿಸುತ್ತೇನೆ.

ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ಕೊರೊನಾ ರಜೆ ಮುಗಿದು ಶಾಲೆಗಳು ಪುನಃ ತೆರೆದ ವರ್ಷ ನಾನು ಸಂಡೂರು ತಾಲ್ಲೂಕಿನ ಬಂಡ್ರಿ ಕಡೆಯ ಲಂಬಾಣಿ ತಾಂಡಾವೊಂದರ ಪ್ರಾಥಮಿಕ ಶಾಲೆಯಲ್ಲಿ ಚಿತ್ರಕಲಾ ಶಿಕ್ಷಕನಾಗಿದ್ದೆನು. ಹೊಸಪೇಟೆಯಿಂದ ದಿನವೂ ಬಸ್ಸಿನಲ್ಲಿ ಹೋಗಿಬರುತ್ತಿದ್ದೆನು.

ನಾಲ್ಕನೆಯ ತರಗತಿಗೆ ಒಂದು ಪ್ರಾಜೆಕ್ಟ್ ಕೊಟ್ಟೆನು. ಅಂಗೈಯಗಲದ ಬಟ್ಟೆಯ ಮೇಲೆ ಮೊದಲು ಪೆನ್ಸಿಲ್ಲಿನಿಂದ ವಿನ್ಯಾಸ ಬರೆಯುವುದು, ನಂತರ ಆ ಗೆರೆಯ ಮೇಲೆ ಬಣ್ಣದ ದಾರದಿಂದ ಹೊಲಿಯುವುದು. ಮಕ್ಕಳೆಲ್ಲ ಹೂವು, ನವಿಲು ಬರೆದರು. ಸೇವಂತಿ ಎಂಬ ವಿದ್ಯಾರ್ಥಿನಿ ಮಾತ್ರ ಪೆನ್ಸಿಲ್ ಮುಟ್ಟದೆ, ಬಟ್ಟೆಯನ್ನು ಕಣ್ಣಿನ ಹತ್ತಿರ ಹಿಡಿದು ಕುಳಿತಿದ್ದಳು. ಅವಧಿ ಮುಗಿದರೂ ಬಟ್ಟೆ ಖಾಲಿ. ಎಲ್ಲರೆದುರು "ಸೋಮಾರಿ" ಎಂದು ಗದರಿಸಿ ಅದನ್ನು ಕಿತ್ತುಕೊಂಡೆನು.

ಮರುದಿನದಿಂದ ಸದರಿ ವಿದ್ಯಾರ್ಥಿನಿ ಗೈರುಹಾಜರಾದಳು. ನಾಲ್ಕನೆಯ ದಿನ ಅವಳ ಗೆಳತಿ ಹೇಳಿದಳು: "ಸರ್, ಸೇವಂತಿ ಇನ್ನ ಬರಂಗಿಲ್ರಿ. ಅವರವ್ವ ಕಬ್ಬು ಕಡ್ಯಾಕ ಹೊಂಟಾಳ, ಇಕಿ ತಮ್ಮನ್ನ ಆಡಿಸಾಕ ಹೊಂಟಾಳ್ರಿ."

ಹಾಗೆ ಹೋದ ಮಕ್ಕಳು ತಿಂಗಳುಗಟ್ಟಲೆ ಬರುವುದಿಲ್ಲ. ಬಂದ ಮೇಲೂ ಕೆಲವರು ಶಾಲೆಯ ಕಡೆ ತಲೆ ಹಾಕುವುದಿಲ್ಲ. ಅಂದು ಸಂಜೆಯೇ ಅವಳ ಮನೆಗೆ ಹೋದೆನು. ತಾಯಿ ಗಂಟು ಕಟ್ಟುತ್ತಿದ್ದಳು.

"ಸಾಲ್ಯಾಗ ಬೈಸ್ಕೊಳ್ಳೋದಕ್ಕಿಂತ ಕೂಸು ಆಡಿಸಿದ್ರ ನಮಗರ ಆಸರ ಆಗತೈತ್ರಿ" ಎಂದಳು, ತಲೆಯೆತ್ತದೆ.

ಕಟ್ಟೆಯ ಮೇಲೆ ಕಸೂತಿ ಹಾಕುತ್ತಿದ್ದ ಅಜ್ಜಿ ಸೋಮ್ಲಿಬಾಯಿ ನಕ್ಕರು. "ಗೆರಿ ಹಾಕಿ ಹೊಲಿ ಅಂದ್ರಂತಲ್ರಿ ಮೇಷ್ಟ್ರ? ನಾವು ಗೆರಿ ಹಾಕಂಗಿಲ್ರಿ, ಬಟ್ಟಿ ಎಳಿ ಎಣಿಸಿ ಸೂಜಿ ಹಾಕ್ತೀವಿ. ಹುಡುಗಿ ಖಾಲಿ ಕುಂತಿರ್ಲಿಲ್ಲ, ಎಣಿಸಾಕ ಹತ್ತಿದ್ಲು."

ಚೀಲದಲ್ಲಿದ್ದ ಆ ಬಟ್ಟೆಯನ್ನು ತೆಗೆದು, ಸೂಜಿ ಕೇಳಿ ಪಡೆದು, ಎಣಿಸಿ ಹೊಲಿಯಲು ಪ್ರಯತ್ನಿಸಿದೆನು. ಬಾಗಿಲ ಹಿಂದಿನಿಂದ ಸೇವಂತಿಯ ಧ್ವನಿ ಕೇಳಿಸಿತು: "ಅಜ್ಜಿ, ಸರ್ ಒಂದೆಳಿ ಜಾಸ್ತಿ ಬಿಟ್ರು!"

"ಬಿಚ್ರಿ, ಬಿಚ್ರಿ. ಹೊಸಪ್ಯಾಟಿ ಸೂಜಿ ಭಾಳ ಜಲ್ದಿ ಓಡತೈತಿ!" ಎಂದರು ಅಜ್ಜಿ.

ಮೂರು ಸಲ ಬಿಚ್ಚಿದೆನು. ಆಮೇಲೆ ಹೊಸ್ತಿಲಿಗೆ ಬಂದು ನಿಂತ ಹುಡುಗಿಗೆ ಹೇಳಿದೆನು: "ತಪ್ಪು ನಂದವ್ವ. ಎಲ್ಲರ ಮುಂದ ಬೈದೆ, ಎಲ್ಲರ ಮುಂದನ ಹೇಳ್ತೀನಿ. ನಾಳೆ ಬಂದು ನಮಗ ಕಲಿಸ್ತೀಯೇನು?"

ಅವಳು ನನ್ನನ್ನು ನೋಡಲಿಲ್ಲ, ತಾಯಿಯನ್ನು ನೋಡಿದಳು. ತಾಯಿ ಗಂಟನ್ನು ಇನ್ನೊಮ್ಮೆ ಬಿಗಿದಳು. "ಇಬ್ರೂ ನನ್ನತ್ರ ಇರ್ಲಿ ಬಿಡ. ಕೂಸಿನ್ನ ನಾ ನೋಡ್ಕೊಂತೀನಿ" ಎಂದರು ಅಜ್ಜಿ. ತಾಯಿ ಕಟ್ಟಿದ್ದ ಗಂಟು ಬಿಚ್ಚಿ, ಮಗಳ ಲಂಗವನ್ನು ಹೊರತೆಗೆದು ಗೂಟಕ್ಕೆ ಹಾಕಿದಳು.

ಮರುದಿನ ತರಗತಿಯ ಎದುರು ನನ್ನ ತಪ್ಪನ್ನು ಒಪ್ಪಿಕೊಂಡೆನು. ಸೇವಂತಿ ಎಲ್ಲರ ಪೆನ್ಸಿಲ್ ಚೀಲಕ್ಕೆ ಹಾಕಿಸಿದಳು. "ಬಾಯಿ ಮುಚ್ಚಿ ಎಣಿಸ್ರಲೇ!" ಎಂದಳು. ನಾನೂ ಎಣಿಸಿದೆನು.

ಕೈ ಆಡದಿದ್ದರೂ ಮಗು ಕೆಲಸದಲ್ಲಿರಬಹುದು; ಗದರಿಸುವ ಮುನ್ನ ಕೇಳಬೇಕು. ವೃತ್ತಿಯು ನನಗೆ ಕಲಿಸಿದ ಪಾಠ ಇಷ್ಟೇ. ಮೇಲ್ಕಂಡ ಬರಹದಲ್ಲಿ ದೋಷಗಳು ಕಂಡುಬಂದಲ್ಲಿ ದಯಮಾಡಿ ತಿದ್ದಿ, ನನಗೂ ತಿಳಿಸಬೇಕಾಗಿ ಸವಿನಯ ವಿನಂತಿ.