ಒಸಾಕಾದಲ್ಲಿ ತಿರುಗದ ಗ್ರೈಂಡರ್

ಕೋಲ್ಕತ್ತದ ಲೇಕ್ ಮಾರ್ಕೆಟ್ಟಿನ ನಮ್ಮ ಉಡುಪಿ ಹೋಟೆಲಿನ ಎದುರುಮನೆಯ ಬಂಗಾಳಿ ಹುಡುಗಿ ಜಪಾನಿನ ಎಂಜಿನಿಯರನೊಬ್ಬನನ್ನು ಒಸಾಕಾದಲ್ಲಿ ಮದುವೆಯಾಗುವುದೆಂದು ನಿಶ್ಚಯವಾದಾಗ ಅವಳು ಹಾಕಿದ್ದು ಒಂದೇ ಷರತ್ತು: ಮದುವೆಯ ಬೆಳಿಗ್ಗೆ ಅರವತ್ತು ಜನರಿಗೂ ನಮ್ಮ ದೋಸೆಯೇ ಆಗಬೇಕು. ಹಾಲುಹಲ್ಲು ಬಂದಾಗಿನಿಂದ ನಮ್ಮಲ್ಲಿ ತಿಂದವಳು. ನಾನು ಮಾತು ಕೊಟ್ಟೆ.

"ಅಲ್ಲಿಯ ಮಿಕ್ಸಿಯಲ್ಲಿ ಹಿಟ್ಟು ಚಚ್ಚಿ ನಮ್ಮ ಹೆಸರಲ್ಲಿ ಬಡಿಸುದಾ? ಗ್ರೈಂಡರ್ ಬಂದ್ರೆ ನಾನೂ ಬರ್ತೇನೆ," ಎಂದಳು ನನ್ನಾಕೆ. ಹೀಗೆ ಹನ್ನೊಂದು ಕಿಲೋ ತೂಕದ ಗ್ರೈಂಡರ್ ದಿಬ್ಬಣಕ್ಕೆ ಸೇರಿತು.

ಜಪಾನಿನ ಗೋಡೆಯ ಪ್ಲಗ್ ತೂತುಗಳು ಬೇರೆ ಆಕಾರದವೆಂದು ನಾನು ಕೇಳಿ ಬಲ್ಲೆ. ಖಿದಿರ್‌ಪುರದ ವಿದೇಶಿ ಮಾಲಿನ ಪೇಟೆಗೆ ಹೋಗಿ ಮುಷ್ಟಿಯಷ್ಟು ದಪ್ಪದ ಅಡಾಪ್ಟರ್ ತಂದೆ. ಇಡೀ ದುನಿಯಾ ಇದರೊಳಗಿದೆ ಎಂದು ಅಂಗಡಿಯವನು ಎದೆ ತಟ್ಟಿ ಹೇಳಿದ್ದ.

ಪರೀಕ್ಷೆ ಮಾಡದೆ ಯಾವ ಯಂತ್ರವನ್ನೂ ಕೇಟರಿಂಗಿಗೆ ಒಯ್ಯದಿರುವುದು ನಮ್ಮ ಮನೆತನದ ಶಿಸ್ತು. ಗ್ರೈಂಡರಿಗೆ ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದು, ಅಡಾಪ್ಟರನ್ನು ಅಡುಗೆಮನೆಯ ಗೋಡೆಗೆ ಚುಚ್ಚಿ ಸ್ವಿಚ್ ಹಾಕಿದೆ. ಕಲ್ಲು ಗರಗರ ತಿರುಗಿತು. ಜಪಾನನ್ನು ಗೆದ್ದಷ್ಟು ಸಂತೋಷವಾಯಿತು. ಕೋಲ್ಕತ್ತದ ಕರೆಂಟಿನಲ್ಲಿ ಜಪಾನಿನ ಪರೀಕ್ಷೆ ಪಾಸು ಮಾಡಿದ್ದೇವೆಂಬ ಸಂಗತಿ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಒಸಾಕಾದಲ್ಲಿ, ಮದುವೆಯ ಹಿಂದಿನ ದಿನ, ಮದುಮಗನ ಅಡುಗೆಮನೆಯಲ್ಲಿ ಅಕ್ಕಿ ಉದ್ದು ನೆನೆದು ಉಬ್ಬಿದ್ದವು. ಅಡಾಪ್ಟರ್ ಗೋಡೆಗೆ ಹೇಳಿ ಮಾಡಿಸಿದಂತೆ ಕೂತಿತು. ಸ್ವಿಚ್ ಹಾಕಿದೆ. ಗ್ರೈಂಡರ್ ಗುಂಯ್ ಎಂದಿತು, ಅಲ್ಲಾಡಲಿಲ್ಲ. ಸುಟ್ಟ ವಾಸನೆ ಮಾತ್ರ ಸಣ್ಣಗೆ ಬಂತು.

"ಎಂತ ಮಾರಾಯ್ರೆ, ಅದು ಮುಹೂರ್ತಕ್ಕೆ ಕಾಯ್ತಾ ಉಂಟಾ?" ಎಂದು ಕೇಳಿದಳು ನನ್ನಾಕೆ.

ಮದುಮಗ ಸ್ವಿಚ್ ಆರಿಸಿ, ಮೊಣಕಾಲೂರಿ ಗ್ರೈಂಡರಿನ ತಳದ ಚೀಟಿ ಓದಿದ. ಕಷ್ಟಪಟ್ಟು ಕಲಿತ ಬಂಗಾಳಿಯಲ್ಲಿ, ಮದುಮಗಳಂತೆ ತಾನೂ ನನ್ನನ್ನು ಚಿಕ್ಕಪ್ಪನೆಂದೇ ಕರೆದು, "ಕಾಕು, ಇದಕ್ಕೆ ಇನ್ನೂರ ಮೂವತ್ತು ವೋಲ್ಟ್ ಬೇಕು. ಇಲ್ಲಿ ಇರೋದೇ ನೂರು," ಎಂದ.

"ಮತ್ತೆ ಈ ಡಬ್ಬಿ?"

"ಅದು ಪಿನ್ನಿನ ಆಕಾರ ಬದಲಿಸತ್ತೆ ಅಷ್ಟೆ. ಕರೆಂಟನ್ನಲ್ಲ."

"ನನ್ನ ಫೋನು ಇದರಲ್ಲೇ ಚಾರ್ಜ್ ಆಯಿತಲ್ಲಪ್ಪ!"

"ನಿಮ್ಮ ಚಾರ್ಜರ್ ನೂರರಿಂದ ಇನ್ನೂರ ನಲವತ್ತರವರೆಗೆ ಎಲ್ಲಕ್ಕೂ ಹೊಂದಿಕೊಳ್ಳತ್ತೆ ಕಾಕು."

"ನೋಡಿ, ಚಾರ್ಜರಿಗೆ ಇರುವ ಗುಣವೂ ನಿಮಗಿಲ್ಲ," ಎಂದಳು ನನ್ನಾಕೆ.

ವೋಲ್ಟೇಜು ಏರಿಸುವ ಟ್ರಾನ್ಸ್‌ಫಾರ್ಮರ್ ತರಿಸಲು ಎರಡು ದಿನ ಬೇಕಂತೆ. ಮನೆಯಲ್ಲಿದ್ದ ಜ್ಯೂಸ್ ಯಂತ್ರಕ್ಕೆ ಒಂದು ಲೋಟವೇ ಹೊಟ್ಟೆ ತುಂಬ. ಮದುಮಗಳು "ಪರವಾಗಿಲ್ಲ ಕಾಕು, ಬ್ರೆಡ್ ತರಿಸೋಣ," ಎಂದು ನಕ್ಕಳು. ಆ ನಗು ನೋಡಲಾಗಲಿಲ್ಲ.

ನನ್ನಾಕೆ ಸೆರಗು ಬಿಗಿದಳು. ಪ್ಲಗ್ ಕಿತ್ತೆಸೆದು, ಡ್ರಮ್ಮಿನ ಅಂಚಿಗೆ ಎರಡೂ ಕೈ ಹಚ್ಚಿ ತಳ್ಳಿದಳು. ತಿರುಗಿತು! "ಕರೆಂಟು ಹುಟ್ಟುವ ಮೊದಲು ಜನ ದೋಸೆ ತಿನ್ನುತ್ತಿರಲಿಲ್ವಾ? ಬನ್ನಿ, ಸಾಲಾಗಿ ನಿಲ್ಲಿ!"

ಆಮೇಲೆ ನಡೆದದ್ದನ್ನು ಉತ್ಸವ ಎನ್ನಬೇಕು. ಒಬ್ಬರಿಗೆ ನೂರು ಸುತ್ತು. ಮದುಮಗಳ ಸೋದರತ್ತೆ ಎಣಿಸುವವಳು. ನೂರು ತುಂಬಿದಾಗಲೆಲ್ಲ ನಾಲಿಗೆ ಹೊರಳಿಸಿ ಬಂಗಾಳಿ ಮದುವೆಯ ಉಲು ಧ್ವನಿ ಎಬ್ಬಿಸುವಳು. ಮದುಮಗನ ತಾಯಿ ಉಂಗುರ ಕಳಚಿಟ್ಟು, ಗ್ರೈಂಡರಿಗೆ ಸೊಂಟ ಬಗ್ಗಿಸಿ ವಂದಿಸಿ, ತಡೆಯಿಲ್ಲದೆ ಇನ್ನೂರು ಸುತ್ತು ಹಾಕಿದರು. ನನ್ನ ಅಪರಾಧವನ್ನು ಪರಿಗಣಿಸಿ ನನಗೆ ನೀರು ಹೊಯ್ಯುವ ಹುದ್ದೆ ಕೊಡಲಾಯಿತು.

ಮರುದಿನ ಹಿಟ್ಟು ಉಬ್ಬಿತ್ತು. ಕೆಂಪು ಸೀರೆಯ ಮದುಮಗಳು ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಸೌಟು ಹಿಡಿದ ನಾನು ತೀರ್ಪು ಕೇಳುವ ಆರೋಪಿಯಂತೆ ನಿಂತೆ.

"ಅದೇ ದೋಸೆ ಕಾಕು," ಎಂದಳು. ತುಸು ಅಗಿದು, "ಸ್ವಲ್ಪ ತರಿ ಇದೆ."

"ಆ ತರಿ ನಿನ್ನ ಹೊಸ ಅತ್ತೆಯ ಪಾಳಿಯದ್ದು," ಎಂದಳು ನನ್ನಾಕೆ, ಎಂದಿನಂತೆ ಅರ್ಧ ಬಂಗಾಳಿ, ಅರ್ಧ ಉಡುಪಿ ಕನ್ನಡದಲ್ಲಿ. "ಇವತ್ತೇ ದೂರು ಹೇಳಬೇಡ. ತಿನ್ನು."