ಸುಬೈದಾ ಓದಿದ ಸಾಲು

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಅದು ಶುರುವಾಯಿತು. ಅಲ್ಲಿಯವರೆಗೆ ಇಂಥ ಕತೆ ಹೇಳುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ಈಗ ನೀವು ನಕ್ಕರೂ ಬೇಸರವಿಲ್ಲ.

ವೀಡಿಯೋಗಳಿಗೆ ಸಬ್‌ಟೈಟಲ್ ಬರೆಯುವುದು ನನ್ನ ಕೆಲಸ. ಕಾಣಿಯೂರಿನ ಆಯಿಷಾ, ತೀರಿಹೋದ ತನ್ನ ತಾಯಿಯ ವೀಡಿಯೋದಲ್ಲಿರುವ ಬ್ಯಾರಿ ಭಾಷೆಯ ಮಾತನ್ನು ಕನ್ನಡದಲ್ಲಿ ಬರೆದುಕೊಡಿ ಎಂದು ಮನೆಗೆ ಕರೆದಿದ್ದಳು. ಅವಳ ತಂಗಿ ಸುಬೈದಾಳಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಕನ್ನಡ ಚೆನ್ನಾಗಿ ಓದುತ್ತಾಳೆ. ತಾಯಿಯ ಮಾತು ಅವಳಿಗೆ ಸಿಗುವುದಿದ್ದರೆ ಈ ಸಾಲುಗಳಲ್ಲಿ ಮಾತ್ರ.

"ಉಮ್ಮ ಇವಳಿಗೆ ಬೈದದ್ದೆಲ್ಲ ಈಗ ಗೊತ್ತಾಗುದು ನೋಡಿ ಅಕ್ಕ," ಎಂದು ನಗುತ್ತಾ ಆಯಿಷಾ ಒಣಗಿದ ಬಟ್ಟೆ ತೆಗೆಯಲು ಹಿತ್ತಿಲಿಗೆ ಹೋದಳು. ಮೋಡ ಕಟ್ಟಿತ್ತು. ನಮ್ಮಲ್ಲಿ ಮೊದಲ ಗುಡುಗಿಗೇ ಎಲ್ಲರೂ ಪ್ಲಗ್ಗಿನ ಪಿನ್ ಕೀಳುತ್ತಾರೆ. ನನ್ನ ಕಿವಿಗೆ ಹೆಡ್‌ಫೋನ್ ಇತ್ತು. ಪಕ್ಕದಲ್ಲಿ, ನನ್ನ ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿದ್ದ ಸ್ವಿಚ್‌ಬೋರ್ಡಿಗೆ ತಾಗಿದಂತೆ ಸುಬೈದಾ ಕುಳಿತಿದ್ದಳು. ಇಬ್ಬರಿಗೂ ಗುಡುಗು ಕೇಳಲಿಲ್ಲ.

ಪರದೆಯಲ್ಲಿ ತಾಯಿ ಸುಮ್ಮನೆ ಅಕ್ಕಿ ಆರಿಸುತ್ತಿದ್ದರು. ಮಾತೇ ಇಲ್ಲದ ಆ ಜಾಗದಲ್ಲಿ ಒಂದು ಸಾಲು ಮೂಡಿತು: "ಸುಬೈದಾ, ಈಚೆ ಬಾ." ನಾನು ಬರೆದದ್ದಲ್ಲ. ಅವಳು ಓದಿದವಳೇ ಎದ್ದು ಬಾಗಿಲ ಕಡೆ ನಡೆದಳು. ಏನಾಯಿತೆಂದು ನಾನೂ ಹೆಡ್‌ಫೋನ್ ತೆಗೆದಿಟ್ಟು ಹಿಂದೆ ಹೋದೆ. ಹೊಸ್ತಿಲು ದಾಟಿದ್ದಷ್ಟೇ, ಸಿಡಿಲು ಬಡಿಯಿತು. ಸ್ವಿಚ್‌ಬೋರ್ಡ್ ಸಿಡಿದು, ಅವಳು ಕುಳಿತಿದ್ದ ಕುರ್ಚಿ ಸುಟ್ಟು ಕಪ್ಪಾಗಿತ್ತು.

"ಪಿನ್ ತೆಗೀರಿ ಅಂತ ಎಷ್ಟು ಬೊಬ್ಬೆ ಹೊಡೆದೆ ಮಾರಾಯ್ರೆ!" ಆಯಿಷಾ ತಂಗಿಯನ್ನು ತಬ್ಬಿಕೊಂಡು ಅಳುತ್ತಿದ್ದಳು.

ಲ್ಯಾಪ್‌ಟಾಪ್ ಹಾಳಾಯಿತು. ಆದರೆ ಪ್ರಾಜೆಕ್ಟ್ ಫೈಲ್ ಆಗಾಗ ತಾನಾಗಿ ಸೇವ್ ಆಗಿ, ನೆಟ್‌ನಲ್ಲೂ ಒಂದು ಪ್ರತಿ ಉಳಿಯುವಂತೆ ಇಟ್ಟಿದ್ದೆ. ಅದರಲ್ಲಿ ವೀಡಿಯೋ ಇರುವುದಿಲ್ಲ. ಬರೆದ ಸಾಲು, ಅದು ಮೂಡಿ ಮರೆಯಾಗುವ ಸಮಯ, ವೀಡಿಯೋ ಎಲ್ಲಿದೆ ಎಂಬ ಗುರುತು, ಇಷ್ಟೇ. ವೀಡಿಯೋ ಆಯಿಷಾಳ ಫೋನಿನಲ್ಲಿತ್ತು. ಕಬಕದಲ್ಲಿರುವ ಗೆಳತಿಯ ಕಂಪ್ಯೂಟರಿನಲ್ಲಿ ಎರಡನ್ನೂ ಜೋಡಿಸಿದೆ. ನನ್ನ ಸಾಲುಗಳೆಲ್ಲ ಇದ್ದವು. ಅಕ್ಕಿ ಆರಿಸುವ ಜಾಗದಲ್ಲಿ ಒಂದು ಸಾಲಿಗೆ ಸಮಯ ಮಾತ್ರ ಗುರುತಾಗಿತ್ತು, ಮಾತು ಖಾಲಿ. ಕೈತಪ್ಪಿ ಯಾವುದೋ ಕೀ ಒತ್ತಿರಬಹುದು. ಹಾಗಾದರೆ ನಾವಿಬ್ಬರೂ ಓದಿದ್ದೇನು? ಏನು ಕಂಡೆ ಎಂದು ಸುಬೈದಾಳನ್ನು ಕೇಳಿದಾಗ, ಅದೇ ಸಾಲನ್ನು ಫೋನಿನಲ್ಲಿ ಬರೆದು ತೋರಿಸಿದಳು.

ಆಮೇಲೆ ದಿನಾ ರಾತ್ರಿ ಬೆಚ್ಚಿ ಏಳುತ್ತಿದ್ದೆ. ಏಳುವ ಮೊದಲೇ ಕೈ ಕಿವಿಯಿಂದ ಹೆಡ್‌ಫೋನ್ ಕೀಳಲು ಹುಡುಕುತ್ತಿತ್ತು. ಸುಬೈದಾಳಿಗೂ ನಿದ್ದೆ ಇರಲಿಲ್ಲವಂತೆ.

ಕೇಳಿಸದ ಮಾತನ್ನು ಬರೆಯಬಾರದು ಎಂಬುದು ನಮ್ಮ ಕೆಲಸದ ನಿಯಮ. ವೀಡಿಯೋ ಒಪ್ಪಿಸುವ ದಿನ ಆ ಖಾಲಿ ಸಾಲನ್ನು ಅಳಿಸಹೊರಟೆ. ಸುಬೈದಾ ನನ್ನ ಕೈ ಹಿಡಿದು ನಿಲ್ಲಿಸಿ, ಕೀಬೋರ್ಡ್ ಎಳೆದುಕೊಂಡು ತಾನೇ ಬರೆದಳು: "ಬಂದೆ ಉಮ್ಮ."

ನಾನು ಸೇವ್ ಮಾಡಿದೆ. ಅದು ಶುಕ್ರವಾರ. ಅಂದು ರಾತ್ರಿ ಗುಡುಗಿತಂತೆ. ನನಗೆ ಬೆಳಗಿನವರೆಗೆ ಎಚ್ಚರವಾಗಲಿಲ್ಲ, ಸುಬೈದಾಳೂ ಚೆನ್ನಾಗಿ ನಿದ್ದೆ ಮಾಡಿದಳಂತೆ.